ಒಂಟಿ ಕೈಯ ಆಟಕ್ಕೆ ಎಷ್ಟು ಅಂಕ?

ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಏನನ್ನು ಕಂಡರೂ ಅಂಕ ಕೊಡುವ ಚಪಲ. ಮೊಮ್ಮಗನು ತನ್ನ ನಿಂಟೆಂಡೊ ಸ್ವಿಚ್ ಯಂತ್ರವನ್ನು ನನ್ನ ಕೈಗಿತ್ತು 'ಕೇವ್ ಸ್ಟೋರಿ' ತೋರಿಸಿದಾಗ, ಅದರ ಚೌಕುಳಿ ಚಿತ್ರಗಳನ್ನು ನೋಡಿ "ನೂರಕ್ಕೆ ಮೂವತ್ತೈದು" ಎಂದುಬಿಟ್ಟೆ. ಅವನ ಮುಖ ಬಾಡಿತು.

ಅದರ ಚರಿತ್ರೆಯನ್ನು ಬಳಿಕ ಅರಿತೆ. ಜಪಾನಿನ ದೈಸುಕೆ ಅಮಾಯಾ ಬಿಡುವಿನ ವೇಳೆಯಲ್ಲಿ ಸುಮಾರು ಐದು ವರ್ಷ ಶ್ರಮಿಸಿ, ಕಥೆ, ಚಿತ್ರ, ಸಂಗೀತಗಳನ್ನೆಲ್ಲ ಒಬ್ಬರೇ ರಚಿಸಿ, 2004ರಲ್ಲಿ ಅದನ್ನು ಗಣಕಯಂತ್ರಗಳಿಗಾಗಿ ಉಚಿತವಾಗಿ ಹಂಚಿದರು. 1989ರಲ್ಲಿ ಗೇಮ್ ಬಾಯ್ ಬಂದಾಗ ಆಟವನ್ನು ಕ್ಯಾರ್ಟ್ರಿಜ್‌ನಲ್ಲಿ ಅಡಕಗೊಳಿಸಲು ಹಣವೂ ಬೇಕಿತ್ತು, ಕಂಪನಿಯ ಪರವಾನಗಿಯೂ ಬೇಕಿತ್ತು. ಒಂಟಿ ರಚನಕಾರನಿಗೆ ಆ ಬಾಗಿಲು ದುರ್ಗಮ. ಅಂತರಜಾಲದ ಮಳಿಗೆಗಳು ತೆರೆದ ಮೇಲೆ ಈ ಆಟ 2010ರಲ್ಲಿ ಡಿಎಸ್‌ಐಗೂ, 2017ರಲ್ಲಿ ಸ್ವಿಚ್‌ಗೂ ಬಂದಿತು.

ಮತ್ತೆ ಆಡಿ ನೋಡಿದೆ. ಇಲ್ಲಿ ಪೆಟ್ಟು ಬಿದ್ದರೆ ಜೀವಬಲದೊಡನೆ ಆಯುಧದ ಶಕ್ತಿಯೂ ಕುಗ್ಗುತ್ತದೆ. ಮೈಮರೆವಿಗೆ ದಂಡ, ಎಚ್ಚರಕ್ಕೆ ಫಲ. ಅಂಗೈಯಗಲದ ತೆರೆಯಲ್ಲಿ ಆ ಸರಳ ಚಿತ್ರಗಳು ಎಷ್ಟು ಸ್ಪಷ್ಟ! ನಾನು ಬಡತನವೆಂದುಕೊಂಡದ್ದು ಮಿತವ್ಯಯವಾಗಿತ್ತು.

ಮೊಮ್ಮಗನೆದುರು ಅಂಕ ತಿದ್ದಿದೆ. ಪ್ರಿಯ ವಿದ್ಯಾರ್ಥಿಗಳೇ, ಅಕ್ಷರ ಅಂದವಾಗಿಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ಕಳೆದ ಅಂಕಗಳನ್ನು ಮಾತ್ರ ಇನ್ನು ತಿದ್ದಲಾರೆ. ಕ್ಷಮೆಯಿರಲಿ.