ಹೊಳಿ ಬಂದ್ರ ಸಾಲಿ ಸೂಟಿ

ಬಾಜೂ ಮನಿ ತಂಗಿ ಒಮ್ಮೆ ಕೇಳಿದ್ಲು, “ಯಕ್ಕಾ, ಹನಿ ಮಳಿ ಇಲ್ಲ, ಬಿಸಲು ಬಿದ್ದೈತಿ, ಸಾಲಿ ಸೂಟಿ ಯಾಕ?” ಆಕಿ ಬ್ಯಾರೆ ಸೀಮಿಯಿಂದ ನಮ್ಮ ಗಲಗಲಿಗಿ ಸೊಸಿಯಾಗಿ ಬಂದಾಕಿ. ನಮ್ಮಲ್ಲಿ ಸೂಟಿ ಕೊಡಸೂದು ನಮ್ಮ ಮಳಿ ಅಲ್ಲವ್ವಾ, ಮಹಾರಾಷ್ಟ್ರದ ಮಳಿ. ಮಹಾಬಳೇಶ್ವರ, ಕೊಯ್ನಾ ಕಡೆ ಸುರದ ನೀರು ಕೃಷ್ಣಾ ಹೊಳಿ ಹಿಡದು ನಮ್ಮ ದಂಡಿಗಿ ಬರತೈತಿ.

ನಾವು ಸಣ್ಣಾವ್ರಿದ್ದಾಗ ನಮ್ಮದು ವಿಜಾಪುರ ಜಿಲ್ಲಾ. ಸಾಹೇಬರು ದೂರ, ಮನಿಯಾಗ ಫೋನ್ ಇಲ್ಲ. ಹೆಡ್ ಮಾಸ್ತರರು ತಾವ ಹೊಳಿ ನೋಡಿ ಬಂದು ಸಾಲಿ ಬಿಡತಿದ್ರು. ಊರಿಗೆಲ್ಲಾ ತಿಳಸೂ ಮಾತಿದ್ರ ಹಲಗಿ ಬಾರಿಸಿ ಡಂಗುರ ಸಾರತಿದ್ರು. ಅದು ಒಲಿ ಮುಂದ ಕುಂತ ಅವ್ವಗೂ ಕೇಳತಿತ್ತು. ಓದಾಕ ಬರಬೇಕಂತ ಇರಲಿಲ್ಲ.

1997ರ ಆಗಸ್ಟ್ 15ಕ್ಕ ಬಾಗಲಕೋಟಿ ಜಿಲ್ಲಾ ಆತು. 2005ರಾಗ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ಜಿಲ್ಲಾ ಪ್ರಾಧಿಕಾರಕ್ಕ ಜಿಲ್ಲಾಧಿಕಾರಿನ ಅಧ್ಯಕ್ಷರು. ಮ್ಯಾಲಿನ ಡ್ಯಾಮಿಂದ ಎಷ್ಟು ಕ್ಯೂಸೆಕ್ ಬಿಟ್ಟಾರ, ಯಾವ ದಾರಿ ಮುಳಗೈತಿ, ಹವಾಮಾನ ಇಲಾಖೆ ಏನಂತೈತಿ ಅಂತ ನೋಡಿ ಆದೇಶ ಮಾಡತಾರ. ಕೆಲವೊಮ್ಮೆ ಇಡೀ ಜಿಲ್ಲಾಕ್ಕ, ಕೆಲವೊಮ್ಮೆ ಹೊಳಿದಂಡಿ ಊರಿಗಷ್ಟ. ಅಲ್ಲಿಂದ ಡಿಡಿಪಿಐ, ಬಿಇಓ, ಹೆಡ್ ಮಾಸ್ತರರು, ಕಡೀಕ ಪಾಲಕರ ವಾಟ್ಸಾಪ್.

2019ರ ಆಗಸ್ಟದಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಏಕಕಾಲಕ್ಕ ಉಕ್ಕಿದ್ವು. ಸಾಲಿ ಖೋಲಿಗೋಳ ಎಷ್ಟೋ ಕಡೆ ಪರಿಹಾರ ಕೇಂದ್ರ ಆದ್ವು. ಪಾಠ ಬರೆಯೂ ಹಲಗಿ ಮುಂದ ಬಾಣಂತ್ಯಾರು, ಮುದುಕ್ಯಾರು ಮಲಗಿದ್ರು. ನೀರ ಇಳಿದ ಕೂಡ್ಲೆ ಸಾಲಿ ಚಾಲೂ ಆಗೂದಿಲ್ಲ. ಮೊದಲ ಮಂದಿ ಮನಿಗಿ ಹೋಗಬೇಕು, ರಾಡಿ ತೊಳೀಬೇಕು. ತಪ್ಪಿದ ಪಾಠ ಆಮ್ಯಾಲ ಶನಿವಾರ ಮಧ್ಯಾಹ್ನ, ಆಯಿತವಾರ ಮಾಡಿ ಸರಿದೂಗಸ್ತಾರ.

ಈಗ ಸುದ್ದಿ ಲಗೂ ಬರತೈತಿ ಖರೆ, ಆದ್ರ ಯಾರ ಕೈಗಿ? ಒಂದ ಸಲ ಸೂಟಿ ಸುದ್ದಿ ನನ್ನ ಮಗನ ಫೋನಿಗಿ ಬಂದಿತ್ತು. ಅಂವ ನಸುಕಿನ್ಯಾಗ ಡ್ಯೂಟಿಗಿ ಹೋಗಿದ್ದ. ನಾನು ಮೊಮ್ಮಗಳ ತಲಿ ಹಿಕ್ಕಿ, ಡಬ್ಬಿ ಕಟ್ಟಿ ಕಳಸಿದೆ. ಕೀಲಿ ಹಾಕಿದ ಗೇಟ್ ಮುಂದ ಕೂಸು ಒಂದ ತಾಸು ಒಬ್ಬಾಕಿನ ನಿಂತಿತ್ತು. ಹೊಳಿ ಬಂದ ದಿನ, ಒಬ್ಬಾಕಿನ! ಇವತ್ತಿಗೂ ನೆನಸಿದ್ರ ಎದಿ ಝಲ್ ಅಂತೈತಿ.

ಅದಕ್ಕ ಅಕ್ಕಗೋಳ್ರಾ, ಸಾಲ್ಯಾಗ ಮನಿಯಾಗಿರೂ ಹೆಣ್ಣಮಕ್ಕಳ ನಂಬರೂ ಬರಸ್ರಿ. ಸೂಟಿ ಆದೇಶ ಬಂದ್ರ ತಾರೀಖ ನೋಡ್ರಿ, ಹಳೇದನ್ನ ತಿರುಗಿ ಕಳಸಾವ್ರು ಇರತಾರ. ಫೋನ್ ಇಲ್ಲದ ಮನಿಗಿ ಒಂದ ಕೂಗು ಹಾಕ್ರಿ. ಹಲಗಿ ಹೋತು, ನಮ್ಮ ಬಾಯಿ ಇನ್ನೂ ಐತಲ್ಲಾ.