ಅಂತರಸಾಂಸ್ಕೃತಿಕ ವ್ಯವಹಾರ ಸಂವಹನ

ಬೇರೆ ಬೇರೆ ಭಾಷೆ, ನಂಬಿಕೆ, ನಡವಳಿಕೆಗಳ ಜನ ವ್ಯಾಪಾರಕ್ಕೆಂದು ಕೂಡಿದಾಗ ಒಬ್ಬರ ಮಾತು, ಮೌನ, ಮರ್ಯಾದೆಗಳನ್ನು ಇನ್ನೊಬ್ಬರು ಅರ್ಥಮಾಡಿಕೊಳ್ಳುವ ಬಗೆ. ಇದನ್ನು ಅಧ್ಯಯನದ ವಿಷಯವಾಗಿಸಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಪ್ರಮುಖರು. ಹೊತ್ತು ಪಾಲಿಸುವ ರೀತಿ, ಎದುರಿನವರಿಂದ ಎಷ್ಟು ದೂರ ನಿಲ್ಲಬೇಕೆಂಬ ಅಂದಾಜು ಕೂಡ ಮಾತಾಡುತ್ತವೆ ಎಂದು ಅವರು ‘ದಿ ಸೈಲೆಂಟ್ ಲ್ಯಾಂಗ್ವೇಜ್’ (1959) ಕೃತಿಯಲ್ಲಿ ತೋರಿಸಿದರು.

ಆಧುನಿಕ ನಿದರ್ಶನ

ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಕಾಲಿಟ್ಟು, 2006ರಲ್ಲಿ ತನ್ನ 85 ಮಳಿಗೆಗಳನ್ನು ಮೆಟ್ರೊ ಸಂಸ್ಥೆಗೆ ಮಾರಿ ಹೊರಬಂತು. ನಗುನಗುತ್ತ ಗಿರಾಕಿಯನ್ನು ಎದುರುಗೊಳ್ಳುವ ಅಮೆರಿಕದ ಪದ್ಧತಿ ಅಲ್ಲಿನ ಅನೇಕರಿಗೆ ಒಗ್ಗಲಿಲ್ಲ. ನೌಕರರ ಪ್ರಣಯಕ್ಕೆ ಹಾಕಿದ ಕಟ್ಟುಪಾಡನ್ನು 2005ರಲ್ಲಿ ನ್ಯಾಯಾಲಯವೇ ತಳ್ಳಿಹಾಕಿತು. ಆದರೂ ಸೋಲನ್ನೆಲ್ಲ ಸಂಸ್ಕೃತಿಯ ತಲೆಗೆ ಕಟ್ಟುವಂತಿಲ್ಲ. ಆಲ್ಡಿಯಂಥ ಸ್ಥಳೀಯ ಮಳಿಗೆಗಳ ಅಗ್ಗದ ದರವೂ ವಾಲ್‌ಮಾರ್ಟನ್ನು ಹಿಂಡಿತ್ತು.

ಮಂಗಳೂರಿನ ಕಾಗದಗಳು

ಜಾಗತೀಕರಣ ಎಂಬ ಪದಕ್ಕಿಂತ ಎಷ್ಟೋ ಹಿಂದಿನಿಂದ ಕರಾವಳಿಯಲ್ಲಿ ಈ ವಿದ್ಯೆ ಇತ್ತು. ಟ್ಯುನೀಷಿಯಾದ ಮಹ್ದಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿದ್ದ. 1149ರಲ್ಲಿ ಯೆಮೆನ್ನಿನ ಬಂದರು ಏಡನ್‌ಗೆ ಹಿಂದಿರುಗಿದ. ಈ ನಡುವೆ ಕಾಳುಮೆಣಸು, ಅಡಿಕೆ, ಕಬ್ಬಿಣವನ್ನು ಕಡಲಾಚೆಗೆ ಕಳಿಸಿದ, ಕಂಚಿನ ಎರಕದ ಕಾರ್ಖಾನೆ ನಡೆಸಿದ. ಏಡನ್‌ನಿಂದ ಒಡೆದ ಪಾತ್ರೆಗಳು ಬರುತ್ತಿದ್ದವು, ಮರುಎರಕಕ್ಕೆ ಬೇಕಾದ ಆಕಾರ, ಅಳತೆಗಳ ವಿವರದ ಸಮೇತ. ಈ ವ್ಯವಹಾರದ ಪತ್ರಗಳು ಹೀಬ್ರೂ ಲಿಪಿಯ ಅರಬಿಯಲ್ಲಿದ್ದು, ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಎಂಬ ಹಳೆಯ ಕಾಗದಗಳ ಸಂಗ್ರಹದಲ್ಲಿ ಉಳಿದುಬಂದವು.

ಒಂದರಲ್ಲಿ ಏಡನ್‌ನ ಹಿರಿಯ ವರ್ತಕ ಮದ್ಮುನ್, ಮಂಗಳೂರಿನ ವ್ಯಾಪಾರಿಗಳಿಗೆ ತನ್ನ ವಂದನೆ ತಿಳಿಸುವಂತೆ ಬೆನ್ ಯಿಜುವನ್ನು ಕೇಳುತ್ತಾನೆ. ಬರುವ ವರ್ಷದ ಮೆಣಸು, ಕಬ್ಬಿಣದ ಧಾರಣೆಯನ್ನೂ ಹೇಳಿ, ಅವರನ್ನು ಪಾಲುಗಾರಿಕೆಗೆ ಕರೆಯುತ್ತಾನೆ. ಮೊದಲು ಕುಶಲ, ಆಮೇಲೆ ಬೆಲೆ. ಧರ್ಮ ಬೇರೆ, ಭಾಷೆ ಬೇರೆ. ನಡುವೆ ಇಬ್ಬರ ರೀತಿಯನ್ನೂ ಬಲ್ಲ ಒಬ್ಬ ಮನುಷ್ಯ. ಸಂವಹನದ ಇತಿಹಾಸದಲ್ಲಿ ಈ ಕಾಗದಕ್ಕೆ ದೊರೆಯಬೇಕಾದ ಸ್ಥಾನ ದೊಡ್ಡದು.

ಈ ನಂಟು ವ್ಯಾಪಾರಕ್ಕಷ್ಟೇ ನಿಲ್ಲಲಿಲ್ಲ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಈಕೆಯೇ ಇರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಏಡನ್‌ಗೆ ಹೋಗಿಬಂದು ಬೆನ್ ಯಿಜುವಿನ ವಹಿವಾಟು ನೋಡುತ್ತಿದ್ದವನೂ ಒಬ್ಬ ಗುಲಾಮನೇ. ಏಡನ್‌ನ ವರ್ತಕರು ಅವನಿಗೂ ಪತ್ರದಲ್ಲಿ ವಂದನೆ ಕಳಿಸುತ್ತಿದ್ದರು. ಅವನ ಹೆಸರು ಸ್ವರಚಿಹ್ನೆಗಳಿಲ್ಲದೆ ಬ, ಮ, ಹ ಎಂಬ ಮೂರೇ ಅಕ್ಷರಗಳಲ್ಲಿತ್ತು. ಸಂಶೋಧಕ ಗೊಯಿಟೈನ್ ಅದನ್ನು ‘ಬಾಮಾ’ ಎಂದು ಓದಿದ್ದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರನ್ನು ಕೇಳಿದ ಮೇಲೆ ಅದು ‘ಬೊಮ್ಮ’ ಎಂದು ತಿಳಿಯಿತು.