ಡೆಂಗಿ: ಪ್ಲೇಟ್‌ಲೆಟ್ ಒಂದೇ ನೋಡಿದ್ರೆ ಸಾಲದು, ಪಿಸಿವಿಯನ್ನೂ ನೋಡಿ

ಕತ್ತಲಗೆರೆ: ಮಳೆಗಾಲದಲ್ಲಿ ಯಾರಿಗೆ ಡೆಂಗಿ ಅಂದರೂ ಜನ ಮೊದಲು ಕೇಳೋದು ‘ಪ್ಲೇಟ್‌ಲೆಟ್ ಎಷ್ಟಿದೆ?’ ಅಂತ. ಆದರೆ ರೋಗಿಯ ಸ್ಥಿತಿ ತಿಳಿಯಲು ಅದೊಂದೇ ಸಾಲದು. ಸಿಬಿಸಿ ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಇನ್ನೊಂದು ಸಾಲಿರುತ್ತದೆ. ಅದೂ ಅಷ್ಟೇ ಮುಖ್ಯ.

ಪ್ಲೇಟ್‌ಲೆಟ್: ಆರೋಗ್ಯವಂತರಲ್ಲಿ 1.5 ಲಕ್ಷದಿಂದ 4.5 ಲಕ್ಷ. ಡೆಂಗಿಯಲ್ಲಿ ಇದು ಇಳಿಯುತ್ತದೆ. ರಕ್ತಸ್ರಾವ ಇಲ್ಲದಿದ್ದರೆ, 10 ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವುದಿಲ್ಲ.

ಪಿಸಿವಿ: ನೂರು ಭಾಗ ರಕ್ತದಲ್ಲಿ ಕೆಂಪು ಕಣ ಎಷ್ಟು ಭಾಗ ಎಂಬ ಲೆಕ್ಕ. ಕಾಯಿಲೆ ಜೋರಾದಾಗ ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಮಂದವಾಗುತ್ತದೆ, ಪಿಸಿವಿ ಏರುತ್ತದೆ. 40 ಇದ್ದದ್ದು 48 ಆದರೆ ಶೇ 20ರಷ್ಟು ಏರಿದಂತೆ. ಇದು ಅಪಾಯದ ಸೂಚನೆ. ದಿಢೀರ್ ಇಳಿದರೆ ಒಳಗೆ ರಕ್ತಸ್ರಾವ ಆಗ್ತಿರಬಹುದು. ಹೋಲಿಸಿ ನೋಡಲು ಮೊದಲ ದಿನದ ರಿಪೋರ್ಟ್ ಬೇಕೇ ಬೇಕು, ಬಿಸಾಡಬೇಡಿ.

ಯಾವಾಗ ಹುಷಾರಾಗಿರಬೇಕು: ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ, ಜ್ವರ ಇಳಿದ ನಂತರದ 24ರಿಂದ 48 ಗಂಟೆ. ‘ಜ್ವರ ಬಿಡ್ತು’ ಅಂತ ಅಂಗಡಿ ಬಾಗಿಲು ತೆಗೆಯೋದು, ತೋಟಕ್ಕೆ ಹೋಗೋದು ಇದೇ ಹೊತ್ತಲ್ಲಿ. ಆಗಲೇ ರಕ್ತಪರೀಕ್ಷೆ ತಪ್ಪಿಸಬಾರದು.

ತಡೆಯದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಲ್ಲಿ ರಕ್ತ, ತೀರಾ ಸುಸ್ತು, ಮೂತ್ರ ಕಡಿಮೆ ಆಗುವುದು – ಇವುಗಳಲ್ಲಿ ಒಂದು ಕಂಡರೂ ರಿಪೋರ್ಟ್‌ಗೆ ಕಾಯದೆ ಚನ್ನಗಿರಿ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೋ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಬಹುದು. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅವು ರಕ್ತಸ್ರಾವ ಹೆಚ್ಚಿಸಬಹುದು.